ನೆರೆ ಬೆಳೆಸಿದ ಹುಲ್ಲುಗಾಡು

ಗುವಾಹಟಿಯಿಂದ ಜೋರ್ಹಾಟ್ ಕಡೆಗೆ ಹೊರಡುವ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸೀಟನ್ನೇ ಹಿಡಿಯಬೇಕು. ನಾಲ್ಕೈದು ಗಂಟೆ ಕಳೆದು ಬಾಗೋರಿ ಎಂಬ ಊರು ಹತ್ತಿರವಾಗುತ್ತಿದ್ದಂತೆ ಬಲಕ್ಕೆ ಚಹಾ ತೋಟ, ಅದರ ಬೆನ್ನಿಗೆ ಕಾರ್ಬಿ ಆಂಗ್ಲಾಂಗ್ ಗುಡ್ಡಗಳು ಕಾಣುತ್ತವೆ. ಎಡಕ್ಕೆ ಕಣ್ಣು ಹಾಯುವಷ್ಟು ದೂರ ಜೌಗು, ಹುಲ್ಲು, ಅಲ್ಲಲ್ಲಿ ನಿಂತ ನೀರು. ಚಳಿಗಾಲವಾಗಿದ್ದರೆ, ಅದೃಷ್ಟವೂ ಸ್ವಲ್ಪ ಜೊತೆಗಿದ್ದರೆ, ಆ ಹುಲ್ಲಿನ ನಡುವೆ ಬೂದು ಬಣ್ಣದ ಬಂಡೆಯೊಂದು ಕಾಣಿಸುತ್ತದೆ. ಬಂಡೆ ಮೇಯುತ್ತಿರುತ್ತದೆ. ಟಿಕೆಟ್ಟಿಲ್ಲ, ಗೈಡಿಲ್ಲ, ಜೀಪಿಲ್ಲ. ಬಸ್ಸಿನ ಕಿಟಕಿಯಿಂದಲೇ ಘೇಂಡಾಮೃಗ! ಊರಿನವರು ತಲೆಯೆತ್ತಿಯೂ ನೋಡುವುದಿಲ್ಲ. ಹೊರಗಿನಿಂದ ಬಂದ ನಮ್ಮಂಥವರು ಮಾತ್ರ ಸೀಟು ಬಿಟ್ಟು ಎದ್ದು ನಿಲ್ಲುತ್ತೇವೆ.

ಇದು ಕಾಜಿರಂಗ. ಒಂಟಿಕೊಂಬಿನ ಘೇಂಡಾಮೃಗಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಇಲ್ಲಿ. 2022ರ ಮಾರ್ಚ್‌ನಲ್ಲಿ ನಡೆದ ಎಣಿಕೆಯಲ್ಲಿ ಸಿಕ್ಕ ಲೆಕ್ಕ 2,613. ಹೆಸರು ಕೇಳಿದವರು ಲಕ್ಷಾಂತರ, ಹೋಗಿಬಂದ ಕನ್ನಡಿಗರೂ ಈಗ ಕಡಿಮೆಯೇನಿಲ್ಲ. ಆದರೆ ಹೋಗಿಬಂದವರಲ್ಲಿ ಬಹಳ ಜನ ಘೇಂಡಾಮೃಗವನ್ನು ನೋಡಿ ಬರುತ್ತಾರೆಯೇ ಹೊರತು ಅದು ಅಲ್ಲಿ ಬದುಕಿ ಉಳಿದದ್ದು ಹೇಗೆ ಎನ್ನುವ ಕಡೆ ಗಮನ ಕೊಡುವುದಿಲ್ಲ. ಉತ್ತರಕ್ಕೆ ಬ್ರಹ್ಮಪುತ್ರ, ದಕ್ಷಿಣಕ್ಕೆ ಗುಡ್ಡ, ನಡುವೆ ತಗ್ಗಿನಲ್ಲಿ ಉದ್ಯಾನ. ಉದ್ಯಾನಕ್ಕೂ ಗುಡ್ಡಕ್ಕೂ ನಡುವೆ ಹೆದ್ದಾರಿ. ನದಿ, ಗುಡ್ಡ, ಹೆದ್ದಾರಿ ಮೂರನ್ನೂ ಒಟ್ಟಿಗೆ ನೋಡದಿದ್ದರೆ ಕಾಜಿರಂಗ ಅರ್ಥವಾಗುವುದಿಲ್ಲ.

ನಾಗರಹೊಳೆ, ಬಂಡೀಪುರ, ಭದ್ರಾ ನೋಡಿ ಪಳಗಿದ ಕಣ್ಣಿಗೆ ಮೊದಲ ದಿನ ಇಲ್ಲಿ ಸ್ವಲ್ಪ ಗಲಿಬಿಲಿಯೇ. ಕಾಡು ಎಂದರೆ ಮರ ಎಂದುಕೊಂಡವರಿಗೆ ಇಲ್ಲಿ ಮರಗಳೇ ಕಡಿಮೆ. ಇರುವುದು ಹುಲ್ಲು. ಸಾಮಾನ್ಯ ಹುಲ್ಲಲ್ಲ, ಆನೆಯನ್ನೇ ಮುಚ್ಚಿಹಾಕುವಷ್ಟು ಎತ್ತರದ ಜೊಂಡು. ನಡುನಡುವೆ ಅಸ್ಸಾಮಿನವರು ಬೀಲ್ ಎಂದು ಕರೆಯುವ ಕೆರೆಗಳು. ನದಿ ತನ್ನ ಹಾದಿ ಬದಲಿಸಿದಾಗಲೆಲ್ಲ ಹಿಂದೆ ಬಿಟ್ಟುಹೋದ ತಗ್ಗುಗಳು ಇವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಹ್ಮಪುತ್ರ ಉಕ್ಕಿ ಈ ತಗ್ಗು ಪ್ರದೇಶಕ್ಕೆ ನುಗ್ಗುತ್ತದೆ. ಕೆಲವು ವರ್ಷ ಉದ್ಯಾನದ ಬಹುಭಾಗ ನೀರಿನಡಿಗೆ ಹೋಗುತ್ತದೆ. ಇಳಿದಾಗ ಹೊಸ ಮೆಕ್ಕಲು ಬಿಟ್ಟು ಹೋಗುತ್ತದೆ, ಬೀಲ್‌ಗಳಿಗೆ ಹೊಸ ನೀರು ಹಾಗೂ ಮೀನು ತುಂಬಿಸುತ್ತದೆ, ಅಂತರಗಂಗೆಯಂಥ ಕಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮರಗಳು ಬೇರೂರಿ ಹುಲ್ಲುಗಾವಲನ್ನು ನುಂಗದ ಹಾಗೆ ತಡೆಯುತ್ತದೆ. ನೆರೆ ಬಾರದೆ ಹತ್ತಿಪ್ಪತ್ತು ವರ್ಷ ಹೋದರೆ ಇಲ್ಲಿ ಮರ ಏಳುತ್ತದೆ, ಹುಲ್ಲು ಹಿಂದೆ ಸರಿಯುತ್ತದೆ, ಹುಲ್ಲು ನಂಬಿದ ಪ್ರಾಣಿಗೆ ಹೊಟ್ಟೆಗಿಲ್ಲದಂತಾಗುತ್ತದೆ.

ನೀರಿನ ಜೊತೆಗೆ ಬೆಂಕಿಗೂ ಒಂದು ಕೆಲಸವಿದೆ. ಚಳಿಗಾಲದ ಕೊನೆಯಲ್ಲಿ ಒಣಗಿ ನಿಂತ ಜೊಂಡಿಗೆ ಅರಣ್ಯ ಇಲಾಖೆಯವರೇ ಪಾಳಿಯಂತೆ ಬೆಂಕಿ ಇಡುತ್ತಾರೆ. ಕಾಡ್ಗಿಚ್ಚಿನ ಹೆಸರು ಕೇಳಿದರೇ ಬೆಚ್ಚಿಬೀಳುವ ನಮಗೆ ಇದು ವಿಚಿತ್ರ. ಕೆಲವೇ ವಾರಗಳಲ್ಲಿ ಕರಕಲು ನೆಲದಿಂದ ಎಳೆ ಹುಲ್ಲು ಚಿಗುರುತ್ತದೆ, ಪ್ರಾಣಿಗಳು ಅದಕ್ಕೆ ಮುಗಿಬೀಳುತ್ತವೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೋದವರಿಗೆ ಒಂದೇ ನೋಟಕ್ಕೆ ಹತ್ತು, ಹದಿನೈದು ಘೇಂಡಾಮೃಗ ಸಿಗುವುದು ಇದೇ ಕಾರಣಕ್ಕೆ.

ಅಸ್ಸಾಮಿನಲ್ಲಿ ಸೂರ್ಯನಿಗೆ ಅವಸರ ಜಾಸ್ತಿ. ನಮ್ಮೂರಲ್ಲಿ ಹಾಲಿನವ ಬರುವ ಹೊತ್ತಿಗೆ ಅಲ್ಲಿ ಬೆಳ್ಳಗೆ ಬೆಳಗಾಗಿರುತ್ತದೆ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಚಹಾ ತೋಟಗಳಲ್ಲಿ ಇವತ್ತಿಗೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡು ಕೆಲಸ ಮಾಡುವ ಪದ್ಧತಿಯಿದೆ. ಅದಕ್ಕೆ ಬಾಗಾನ್ ಟೈಮ್ ಎನ್ನುತ್ತಾರೆ. ಹಾಗಾಗಿ ಸಫಾರಿಗೆ ಹೋಗುವವರು ನಸುಕಿನಲ್ಲೇ ಏಳಬೇಕು. ಉದ್ಯಾನದೊಳಗೆ ಪ್ರವಾಸಿಗರಿಗೆ ತೆರೆದಿರುವ ಮುಖ್ಯ ವಲಯಗಳು ನಾಲ್ಕು: ನಡುವೆ ಕೊಹೊರಾ, ಪಶ್ಚಿಮಕ್ಕೆ ಬಾಗೋರಿ, ಪೂರ್ವಕ್ಕೆ ಅಗರಾತೊಲಿ, ಇನ್ನೂ ಪಶ್ಚಿಮಕ್ಕೆ ಗುಡ್ಡಗಾಡಿನ ಬುರಾಪಹಾಡ್. ಹೋಟೆಲ್ಲುಗಳೆಲ್ಲ ಕೊಹೊರಾದ ಸುತ್ತಲೇ ಕಿಕ್ಕಿರಿದಿವೆ, ಜನಜಂಗುಳಿಯೂ ಅಲ್ಲೇ. ಘೇಂಡಾಮೃಗಕ್ಕೆ ಬಾಗೋರಿ ವಾಸಿ. ಹಕ್ಕಿಗೆ, ಸ್ವಲ್ಪ ನಿಶ್ಶಬ್ದಕ್ಕೆ ಅಗರಾತೊಲಿ.

ಘೇಂಡಾಮೃಗವನ್ನು ಹತ್ತಿರದಿಂದ ನೋಡಿದಾಗ ಮೊದಲು ಮನಸ್ಸಿಗೆ ನಾಟುವುದು ಅದರ ಗಾತ್ರವಲ್ಲ, ಸದ್ದು. ಜೀಪಿನ ಎಂಜಿನ್ ನಿಲ್ಲಿಸಿದ ಮೇಲೆ ಹುಲ್ಲು ಕೀಳುವ ಚರಚರ, ಅಗಿಯುವ ಒಂದೇ ಲಯದ ಗೊರಗೊರ. ಕೊಟ್ಟಿಗೆಯಲ್ಲಿ ರಾತ್ರಿ ಎಮ್ಮೆಗಳು ಮೇವು ಮುರಿಯುವುದನ್ನು ಕೇಳಿಸಿಕೊಂಡವರಿಗೆ ಗೊತ್ತು, ಅದೇ ಸದ್ದು ಮೂರುಪಟ್ಟು ಜೋರಾಗಿ. ಆಮೇಲೆ ಮೇಲ್ದುಟಿ ಕಾಣುತ್ತದೆ. ಮುಂದಕ್ಕೆ ಚೂಪಾಗಿ ಬಾಗಿದ ಆ ತುಟಿ ಹುಲ್ಲಿನ ಗೊಂಚಲನ್ನು ಸುತ್ತಿ ಒಳಗೆಳೆದುಕೊಳ್ಳುತ್ತದೆ. ಕಿವಿಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ, ಬೇರೆ ಬೇರೆ ತಿರುಗುತ್ತಿರುತ್ತವೆ. ಕಣ್ಣು ಮಂದ, ಆ ಕೊರತೆಯನ್ನು ಕಿವಿ, ಮೂಗು ತುಂಬಿಕೊಡುತ್ತವೆ. ಭುಜದ ಮೇಲೆ, ತೊಡೆಯ ಮೇಲೆ ಚರ್ಮ ದಪ್ಪ ಮಡಿಕೆಗಳಾಗಿ ಬಿದ್ದಿದೆ. ಅದರ ಮೇಲೆಲ್ಲ ಗುಬುಟು. ಮಡಿಕೆಯ ಒಳಭಾಗ ಮಾತ್ರ ನಸುಗೆಂಪು, ಬಹಳ ನಯ. ಉಣ್ಣಿ, ನೊಣ ಸೇರಿಕೊಳ್ಳುವ ಜಾಗ ಅದು. ಬೆನ್ನ ಮೇಲೆ ಕೂತ ಮೈನಾಗಳಿಗೆ ಅಲ್ಲೇ ಕೈತುಂಬ ಕೆಲಸ.

ಎರಡು ಟನ್ ತೂಗುವ ಗಂಡು ಜಗಳಕ್ಕೆ ನಿಂತರೆ ಕೊಂಬನ್ನೇ ಬಳಸುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಆಫ್ರಿಕಾದ ಘೇಂಡಾಮೃಗಗಳ ವಿಷಯದಲ್ಲಿ ಅದು ನಿಜ. ನಮ್ಮ ಒಂಟಿಕೊಂಬಿನದು ಕಚ್ಚುತ್ತದೆ. ಕೆಳದವಡೆಯ ಮುಂಭಾಗದಲ್ಲಿ ಉಳಿಯಂತೆ ಹರಿತವಾದ ಎರಡು ಬಾಚಿಹಲ್ಲುಗಳಿವೆ, ಅವುಗಳಿಂದ ಎದುರಾಳಿಯ ಪಕ್ಕೆಯನ್ನು ಸೀಳುತ್ತದೆ. ಗಾಯದ ಗುರುತು ಹೊತ್ತ ದೊಡ್ಡ ಗಂಡುಗಳು ಎಲ್ಲೆಲ್ಲೂ ಸಿಗುತ್ತವೆ. ಇಷ್ಟು ಭಾರದ ಪ್ರಾಣಿ ಓಡಿದರೆ ಗಂಟೆಗೆ ನಲವತ್ತು ಕಿಲೋಮೀಟರ್ ದಾಟುತ್ತದೆ. 2025ರ ಜನವರಿಯಲ್ಲಿ ಬಾಗೋರಿಯ ಸಫಾರಿ ದಾರಿಯಲ್ಲಿ ತಾಯಿ, ಮಗಳು ಚಲಿಸುತ್ತಿದ್ದ ಜೀಪಿನಿಂದ ಘೇಂಡಾಮೃಗಗಳ ಎದುರಿಗೇ ಕೆಳಗೆ ಬಿದ್ದ ವಿಡಿಯೊವನ್ನು ಎಷ್ಟೋ ಜನ ನೋಡಿರುತ್ತೀರಿ. ಇಬ್ಬರೂ ಬಚಾವಾದರು. ಜೀಪಿನ ಕಂಬಿ ಹಿಡಿದು ಕೂತುಕೊಳ್ಳಿ ಎಂದು ಡ್ರೈವರ್ ಹೇಳಿದರೆ ಕೇಳುವುದು ಒಳ್ಳೆಯದು.

ಸಫಾರಿಯಲ್ಲಿ ಯಾರೂ ಫೋಟೊ ತೆಗೆಯದ, ನನಗೆ ಮಾತ್ರ ಬಹಳ ಇಷ್ಟವಾದ ಒಂದು ಸಂಗತಿಯಿದೆ: ಲದ್ದಿಯ ಗುಡ್ಡೆ. ಘೇಂಡಾಮೃಗಗಳು ಕಂಡಕಂಡಲ್ಲಿ ಲದ್ದಿ ಹಾಕುವುದಿಲ್ಲ. ಹಲವು ಪ್ರಾಣಿಗಳು ಒಂದೇ ಜಾಗಕ್ಕೆ ಬಂದು ಹಾಕಿಹೋಗುತ್ತವೆ, ವರ್ಷಗಟ್ಟಲೆ. ಜೀಪಿನ ದಾರಿಯ ಬದಿಯಲ್ಲಿ ಸೊಂಟದೆತ್ತರದ ರಾಶಿಗಳು ಸಿಗುತ್ತವೆ. ಒಂಟಿಯಾಗಿ ಓಡಾಡುವ ಪ್ರಾಣಿಗೆ ಇದು ಊರಿನ ನೋಟಿಸ್ ಬೋರ್ಡು. ಯಾರು ಬಂದಿದ್ದರು, ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಇಲ್ಲವೋ, ಎಲ್ಲವನ್ನೂ ಮೂಸಿ ತಿಳಿದುಕೊಳ್ಳುತ್ತದೆ. ಆ ಗುಡ್ಡೆಯ ಮೇಲೆ ಹುಟ್ಟಿದ ಗಿಡಗಳನ್ನೂ ಗಮನಿಸಬೇಕು. ಘೇಂಡಾಮೃಗ ತಿಂದ ಹಣ್ಣಿನ ಬೀಜ ಗೊಬ್ಬರದ ಸಮೇತ ಬಿಸಿಲು ಬೀಳುವ ಬಯಲಿಗೆ ಬಂದು ಬಿದ್ದು ಮೊಳೆತಿರುತ್ತದೆ. ನೇಪಾಳದ ಚಿತವನದಲ್ಲಿ ಟ್ರೇವಿಯಾ ಎಂಬ ಮರ ಹೀಗೇ ಹರಡುವುದನ್ನು ವಿಜ್ಞಾನಿಗಳು ವಿವರವಾಗಿ ದಾಖಲಿಸಿದ್ದಾರೆ.

ಕಾಜಿರಂಗವೆಂದರೆ ಘೇಂಡಾಮೃಗ ಒಂದೇ ಎಂದುಕೊಂಡರೆ ಉಳಿದ ಪ್ರಾಣಿಗಳಿಗೆ ಅನ್ಯಾಯ. ಕಾಡೆಮ್ಮೆಯ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಮಲೆನಾಡಿನ ಕಾಟಿ ದನದ ಬಳಗದ್ದು. ಇಲ್ಲಿರುವುದು ನಮ್ಮ ಹಟ್ಟಿಯ ಎಮ್ಮೆಗಳ ಮೂಲ ವಂಶ. ಒಂದೊಂದು ಕೊಂಬೂ ಮಾರುದ್ದ, ಅರ್ಧಚಂದ್ರದಂತೆ ಅಗಲಕ್ಕೆ ಹರಡಿರುತ್ತದೆ. ಜಗತ್ತಿನಲ್ಲಿ ಉಳಿದಿರುವ ಕಾಡೆಮ್ಮೆಗಳ ಅತಿ ದೊಡ್ಡ ನೆಲೆ ಇದೇ. ನಮ್ಮ ಕಡೆಯವರು ಇದರ ಮುಂದೆ ಗಾಡಿ ನಿಲ್ಲಿಸುವುದೇ ಇಲ್ಲ, ಮನೆಯೆಮ್ಮೆ ಎಂದುಕೊಂಡು ದಾಟಿಬಿಡುತ್ತಾರೆ! ಪೂರ್ವ ಭಾರತದ ಬಾರಸಿಂಗಕ್ಕೂ ಇದೇ ಮುಖ್ಯ ಆಸರೆ. ಈ ಉಪಜಾತಿಗೆ ವನ್ಯಜೀವಿ ಸಂರಕ್ಷಣೆಯಲ್ಲಿ ದೊಡ್ಡ ಹೆಸರಾದ ಎಂ.ಕೆ. ರಂಜಿತ್‌ಸಿಂಹ ಅವರ ಹೆಸರನ್ನೇ ಇಟ್ಟಿದ್ದಾರೆ. ಹಾಗ್ ಡೀರ್ ಎಂಬ ಗಿಡ್ಡಕಾಲಿನ ಜಿಂಕೆಯಂತೂ ಸಾವಿರಗಟ್ಟಲೆ. ತಲೆ ತಗ್ಗಿಸಿ ಹುಲ್ಲಿನೊಳಗೆ ನುಗ್ಗುವುದೇ ಅದರ ಅಭ್ಯಾಸ. ಚಳಿಗಾಲದ ಬೀಲ್‌ಗಳಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಳಿದಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಅದೇ ಹಕ್ಕಿ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳಿಗೂ ಇಲ್ಲೊಂದು ದೊಡ್ಡ ಕೇರಿಯಿದೆ.

ಹುಲಿ? ಇದೆ, ಬೇಕಾದಷ್ಟಿದೆ, ಕಾಣುವುದು ಕಷ್ಟ. ಆ ಎತ್ತರದ ಹುಲ್ಲಿನಲ್ಲಿ ಹತ್ತು ಮಾರು ದೂರದಲ್ಲಿ ಮಲಗಿದ್ದರೂ ತಿಳಿಯದು. ಇಲ್ಲಿ ಹುಲಿ ಎಷ್ಟು ದಟ್ಟವಾಗಿದೆ ಎಂಬುದನ್ನು ಲೋಕಕ್ಕೆ ಲೆಕ್ಕಹಾಕಿ ತೋರಿಸಿದವರಲ್ಲಿ ನಮ್ಮ ಉಲ್ಲಾಸ ಕಾರಂತರಿದ್ದಾರೆ. ನಾಗರಹೊಳೆಯಲ್ಲಿ ಅವರು ಪಳಗಿಸಿದ ಕ್ಯಾಮೆರಾ ಟ್ರ್ಯಾಪ್ ವಿಧಾನ ನಿಮಗೆ ಗೊತ್ತಿರಬಹುದು. ಹುಲಿಯ ಮೈಪಟ್ಟೆ ಒಂದರದ್ದು ಇನ್ನೊಂದಕ್ಕಿರುವುದಿಲ್ಲ, ಹಾಗಾಗಿ ಫೋಟೊದಿಂದಲೇ ಒಂದೊಂದನ್ನೂ ಗುರುತಿಸಬಹುದು. ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಕಾರಂತರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ಕಾಡುಗಳನ್ನು ಹೋಲಿಸಿದ್ದರು: ಪೆಂಚ್, ಕಾನ್ಹಾ, ನಾಗರಹೊಳೆ, ಕಾಜಿರಂಗ. ನೂರು ಚದರ ಕಿಲೋಮೀಟರಿಗೆ ಸುಮಾರು 17 ಹುಲಿಗಳ ಸಾಂದ್ರತೆಯೊಂದಿಗೆ ಕಾಜಿರಂಗವೇ ಮೊದಲ ಸ್ಥಾನದಲ್ಲಿತ್ತು, ನಾಗರಹೊಳೆಯನ್ನೂ ಹಿಂದಿಕ್ಕಿ. ಕಾರಣ ಬೇರೇನಲ್ಲ, ಆ ಹುಲ್ಲೇ. ಹುಲ್ಲಿದ್ದಲ್ಲಿ ಜಿಂಕೆ, ಕಾಡುಹಂದಿ, ಎಮ್ಮೆ. ಅವು ಇದ್ದಲ್ಲಿ ಹುಲಿ. ಕೆಲವೊಮ್ಮೆ ಅದು ಘೇಂಡಾಮೃಗದ ಮರಿಗೂ ಕೈಹಾಕುತ್ತದೆ.

ಒಂದು ಕಾಲಕ್ಕೆ ಘೇಂಡಾಮೃಗ ಸಿಂಧೂ ಬಯಲಿನಿಂದ ಬ್ರಹ್ಮಪುತ್ರದವರೆಗೆ ಹಬ್ಬಿತ್ತು. ಸಿಂಧೂ ನಾಗರಿಕತೆಯ ಮುದ್ರೆಗಳಲ್ಲಿ ಅದರ ಚಿತ್ರವಿದೆ. ಬಾಬರ್ ತನ್ನ ಆತ್ಮಚರಿತ್ರೆಯಲ್ಲಿ ಅದರ ಬೇಟೆಯ ವಿಷಯ ಬರೆದಿದ್ದಾನೆ. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಒಂದು ಘೇಂಡಾಮೃಗವನ್ನು ಪೋರ್ಚುಗೀಸರು ಗೋವಾದಿಂದ ಹಡಗು ಹತ್ತಿಸಿ ಲಿಸ್ಬನ್‌ಗೆ ಸಾಗಿಸಿದರು. ಅದನ್ನು ಕಣ್ಣಾರೆ ನೋಡದ ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಬೇರೆಯವರ ಬರಹ, ರೇಖಾಚಿತ್ರದ ಆಧಾರದ ಮೇಲೆಯೇ ಮರದಚ್ಚಿನ ಚಿತ್ರ ಕೆತ್ತಿದ. ಮೈಮೇಲೆ ಕಬ್ಬಿಣದ ತಗಡು ಹೊದಿಸಿದಂತಿರುವ ಆ ಚಿತ್ರವನ್ನೇ ಯುರೋಪು ಶತಮಾನಗಳ ಕಾಲ ಘೇಂಡಾಮೃಗವೆಂದು ನಂಬಿತ್ತು. ಪೋಪ್‌ಗೆ ಕಾಣಿಕೆಯಾಗಿ ಕಳಿಸಿದಾಗ ಆ ಬಡಪಾಯಿ ಪ್ರಾಣಿ ಇಟಲಿಯ ಕರಾವಳಿಯಲ್ಲಿ ಹಡಗಿನ ಸಮೇತ ಮುಳುಗಿಹೋಯಿತು.

ಬೇಟೆ, ಬೇಸಾಯ, ಚಹಾ ತೋಟ ಎಲ್ಲ ಸೇರಿ 20ನೇ ಶತಮಾನ ಹುಟ್ಟುವ ಹೊತ್ತಿಗೆ ಅಸ್ಸಾಮಿನಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. 1904ರಲ್ಲಿ ವೈಸ್‌ರಾಯ್ ಕರ್ಜನ್ನನ ಹೆಂಡತಿ ಮೇರಿ ಕರ್ಜನ್ ಘೇಂಡಾಮೃಗ ನೋಡಬೇಕೆಂದು ಇಲ್ಲಿಗೆ ಬಂದಳಂತೆ. ಕಂಡದ್ದು ಮೂರು ಬೆರಳಿನ ಹೆಜ್ಜೆಗುರುತು ಮಾತ್ರ. ಗಂಡನಿಗೆ ಹೇಳಿ ಏನಾದರೂ ಮಾಡಿಸಿದಳು ಎನ್ನುವುದು ಕಾಜಿರಂಗದಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ. ಬಂಗಾಳವನ್ನು ಒಡೆದ ಕರ್ಜನ್ನನ ಬಗ್ಗೆ ಒಳ್ಳೆಯ ಮಾತು ಕೇಳಿಬರುವ ಜಾಗ ಭಾರತದಲ್ಲಿ ಇದೊಂದೇ ಇದ್ದೀತು! 1905ರಲ್ಲಿ ಮೀಸಲು ಅರಣ್ಯದ ಪ್ರಸ್ತಾಪ, 1908ರಲ್ಲಿ ಮೀಸಲು ಅರಣ್ಯ, 1916ರಲ್ಲಿ ಗೇಮ್ ಸ್ಯಾಂಕ್ಚುರಿ. ಆಮೇಲೆ ಬಹಳ ವರ್ಷ ಅದು ಯಾರೂ ಕಾಲಿಡದ ಜಾಗವಾಗಿಯೇ ಇತ್ತು. 1930ರ ದಶಕದಲ್ಲಿ ಒಳಗೆ ಹೋಗಲು ಅನುಮತಿ ಕೇಳಿದ ಚಹಾ ತೋಟದ ಸಾಹೇಬ ಇ.ಪಿ. ಜೀಗೆ, ಅಲ್ಲಿ ಕೆಸರು ಮತ್ತು ಇಂಬಳ ಬಿಟ್ಟರೆ ಏನಿಲ್ಲ, ಆನೆಯೂ ಹೋಗಲಾರದು ಎಂಬ ಉತ್ತರ ಸಿಕ್ಕಿತ್ತು. ಮುಂದೆ ಅದೇ ಜೀ ಲೇಖನ, ಫೋಟೊಗಳ ಮೂಲಕ ಕಾಜಿರಂಗವನ್ನು ಹೊರಜಗತ್ತಿಗೆ ಪರಿಚಯಿಸಿದರು. 1938ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯಿತು. 1974ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣ. 1966ರ ಎಣಿಕೆಯಲ್ಲಿ 366 ಇದ್ದ ಘೇಂಡಾಮೃಗಗಳ ಸಂಖ್ಯೆ 2009ರಲ್ಲಿ ಎರಡು ಸಾವಿರ ದಾಟಿತು. ಹೆಣ್ಣು ಹದಿನಾರು ತಿಂಗಳು ಬಸಿರು ಹೊತ್ತು ಒಂದೇ ಮರಿ ಹಾಕುತ್ತದೆ, ಮುಂದಿನದಕ್ಕೆ ಮತ್ತೆ ಎರಡು ಮೂರು ವರ್ಷ. ಇಷ್ಟು ನಿಧಾನದ ಪ್ರಾಣಿ ಈ ಮಟ್ಟಕ್ಕೆ ಬರಲು ಒಂದು ಶತಮಾನ ಬೇಕಾಯಿತು.

ಈಗ ನೆರೆಗೆ ಬರೋಣ. ನೀರು ಏರತೊಡಗಿದಾಗ ಪ್ರಾಣಿಗಳು ದಕ್ಷಿಣಕ್ಕೆ, ಕಾರ್ಬಿ ಗುಡ್ಡಗಳ ಕಡೆಗೆ ಹೊರಡುತ್ತವೆ. ಸಾವಿರಾರು ವರ್ಷಗಳಿಂದ ಹೋಗುತ್ತಿದ್ದ ದಾರಿ ಅದು. ಈಗ ಅದಕ್ಕೆ ಅಡ್ಡಲಾಗಿ ಉದ್ಯಾನದ ಅಂಚಿನುದ್ದಕ್ಕೂ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೆದ್ದಾರಿ ಹಾದಿದೆ. ಮೊದಲು 37 ಎನ್ನುತ್ತಿದ್ದರು, ಈಗ 715. ಪಾನ್‌ಬಾರಿ, ಹಲ್ದಿಬಾರಿ, ಕಾಂಚನಜುರಿ ಮುಂತಾಗಿ ಒಂಬತ್ತು ಕಾರಿಡಾರುಗಳನ್ನು ಗುರುತಿಸಿದ್ದಾರೆ. ಮಳೆಗಾಲದಲ್ಲಿ ಈ ರಸ್ತೆಯಲ್ಲಿ ನಡೆಯುವ ಏರ್ಪಾಡು ನೋಡುವಂತಿದೆ. ಒಂದು ತುದಿಯ ಚೆಕ್‌ಪೋಸ್ಟಿನಲ್ಲಿ ಪ್ರತಿ ಲಾರಿಗೂ ಕಾರಿಗೂ ಹೊರಟ ಸಮಯ ಬರೆದ ಚೀಟಿ ಕೊಡುತ್ತಾರೆ. ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಇನ್ನೊಂದು ತುದಿಯಲ್ಲಿ ಚೀಟಿ ವಾಪಸು ಕೊಡಬೇಕು, ಬೇಗ ತಲುಪಿದವರು ದಂಡ ಕಟ್ಟಬೇಕು. ತಡವಾಗಿ ಬಂದದ್ದಕ್ಕೆ ದಂಡ ಹಾಕುವುದನ್ನು ಕೇಳಿದ್ದೇವೆ, ಬೇಗ ಬಂದದ್ದಕ್ಕೆ ಹಾಕುವ ಊರು ಇದು.

ಇಷ್ಟಾದರೂ ಸಾವು ತಪ್ಪುವುದಿಲ್ಲ. 1988ರ ನೆರೆಯಲ್ಲಿ ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಹೋದವು. 1998ರಲ್ಲಿ, 2017ರಲ್ಲಿ ಮತ್ತೆ ನೂರಾರು. ಸಾಯುವವುಗಳಲ್ಲಿ ಹೆಚ್ಚಿನವು ಹಾಗ್ ಡೀರ್. ದೇಹ ಚಿಕ್ಕದು, ಸೆಳೆತಕ್ಕೆ ನಿಲ್ಲಲಾರದು. ಉದ್ಯಾನದೊಳಗೆ ಮಣ್ಣು ಏರಿಸಿ ದಿಬ್ಬಗಳನ್ನು ಮಾಡಿದ್ದಾರೆ. ನೀರು ಏರಿದಾಗ ಒಂದೇ ದಿಬ್ಬದ ಮೇಲೆ ಘೇಂಡಾಮೃಗ, ಎಮ್ಮೆ, ಜಿಂಕೆ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ತಾಯಿಯಿಂದ ಬೇರ್ಪಟ್ಟ ಮರಿಗಳನ್ನು ಸಾಕಲು ಪಾನ್‌ಬಾರಿ ಬಳಿ 2002ರಿಂದ ಒಂದು ಕೇಂದ್ರ ನಡೆಯುತ್ತಿದೆ. ಅಸ್ಸಾಂ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಹಾಗೂ ಅಂತರರಾಷ್ಟ್ರೀಯ ಪ್ರಾಣಿದಯಾ ಸಂಸ್ಥೆ ಐಫಾ ಸೇರಿ ನಡೆಸುವ ಕೇಂದ್ರ. ಘೇಂಡಾಮೃಗದ ಮರಿಗೆ ದೊಡ್ಡ ಬಾಟಲಿಯಲ್ಲಿ ಹಾಲು ಕುಡಿಸಿ, ಎರಡು ಮೂರು ವರ್ಷ ಸಾಕಿ, ಆಮೇಲೆ ಮಾನಸ್ ಉದ್ಯಾನಕ್ಕೆ ಕಳಿಸುತ್ತಾರೆ. ಮನುಷ್ಯನ ರೂಢಿ ಹೆಚ್ಚಾಗಬಾರದೆಂದು ಪ್ರವಾಸಿಗರನ್ನು ದೂರವೇ ಇಡುತ್ತಾರೆ, ಅದು ಸರಿಯೇ. ಮಾನಸ್‌ನಲ್ಲಿ ಬೋಡೋ ಪ್ರದೇಶದ ಗಲಭೆಯ ವರ್ಷಗಳಲ್ಲಿ ಘೇಂಡಾಮೃಗ ಒಂದೂ ಉಳಿಯದಂತೆ ಹೋಗಿತ್ತು. 2006ರಲ್ಲಿ ಇಲ್ಲಿ ಸಾಕಿದ ಮೈನಾವೊ ಎಂಬ ಹೆಣ್ಣನ್ನು ಅಲ್ಲಿಗೆ ಒಯ್ದರು. ಪಬಿತೊರಾ ಅಭಯಾರಣ್ಯ ಮತ್ತು ಕಾಜಿರಂಗದಿಂದಲೂ ಪ್ರಾಣಿಗಳನ್ನು ಸಾಗಿಸಿದ ಮೇಲೆ ಮಾನಸ್‌ನಲ್ಲಿ ಮತ್ತೆ ಮರಿಗಳು ಹುಟ್ಟುತ್ತಿವೆ.

ನೆರೆಯಷ್ಟೇ ಕಾಡಿದ್ದು ಕೊಂಬಿನ ಕಳ್ಳರು. ಕೊಂಬೆಂದರೆ ನಮ್ಮ ಉಗುರು, ಕೂದಲಿನದೇ ವಸ್ತು, ಕೆರಟಿನ್. ಔಷಧವೆಂದು ನಂಬಿ ಚೀನಾ, ವಿಯೆಟ್ನಾಂನಲ್ಲಿ ಅದಕ್ಕೆ ಬಂಗಾರದ ಬೆಲೆ ಕೊಡುವವರಿದ್ದಾರೆ. ಹಿಂದೆ ಗುಂಡಿ ತೋಡಿ ಬೀಳಿಸುತ್ತಿದ್ದರು, ಕರೆಂಟಿನ ತಂತಿ ಎಳೆದು ಕೊಲ್ಲುತ್ತಿದ್ದರು, ಈಚೆಗೆ ರೈಫಲ್ಲು. 2013 ಮತ್ತು 2014ರಲ್ಲಿ ಅಸ್ಸಾಮಿನಲ್ಲಿ ವರ್ಷಕ್ಕೆ 27 ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾದವು. 2022ರಲ್ಲಿ ಒಂದೂ ಇಲ್ಲ. ನಡುವೆ, 2021ರ ಸೆಪ್ಟೆಂಬರ್ 22ರಂದು ಬೊಕಾಖಾತ್‌ನಲ್ಲಿ ಸರ್ಕಾರ ದಶಕಗಳಿಂದ ಖಜಾನೆಯಲ್ಲಿ ಕಾಪಿಟ್ಟಿದ್ದ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟುಹಾಕಿತು. ಕೊಂಬಿಗೆ ಬೆಲೆಯಿಲ್ಲ ಎಂದು ಸಾರುವುದು ಉದ್ದೇಶ.

ಈ ಕಾವಲಿನ ಭಾರ ಹೊತ್ತವರು ಇನ್ನೂರಕ್ಕೂ ಹೆಚ್ಚು ಕ್ಯಾಂಪುಗಳಲ್ಲಿರುವ ಗಾರ್ಡುಗಳು. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಕೋಣೆ, ಕೆಳಗೊಂದು ದೋಣಿ. ಮಳೆಗಾಲದಲ್ಲಿ ಕೆಲವು ಕ್ಯಾಂಪಿನವರಿಗೆ ವಾರಗಟ್ಟಲೆ ಸುತ್ತ ನೀರೇ. ರಾತ್ರಿ ಗಸ್ತಿಗೆ ಇಲಾಖೆಯ ಆನೆ, ಅದರ ಮಾವುತ. ಘೇಂಡಾಮೃಗ ನಡೆದುಬರುವ ಮನುಷ್ಯನನ್ನು ಕಂಡರೆ ನುಗ್ಗುತ್ತದೆ, ಆನೆಯನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಹಾಗಾಗಿ ಈ ಹುಲ್ಲಿನಲ್ಲಿ ಆನೆಯಿಲ್ಲದೆ ಇಲಾಖೆಯ ಯಾವ ಕೆಲಸವೂ ಸಾಗದು. ಪ್ರವಾಸಿಗರ ಆನೆ ಸಫಾರಿಯೂ ಇದರ ಬಾಲವೇ. ಆನೆಯ ಬೆನ್ನ ಮೇಲೆ ಜನ ಕೂರಿಸುವುದು ಸರಿಯೇ ಎಂಬ ಜಗಳ ಅಲ್ಲೂ ಇದೆ. ನಾನಂತೂ ಜೀಪಿನ ಪರ.

ಕಾವಲಿಗೆ ಇನ್ನೊಂದು ಮುಖವಿದೆ, ಅದನ್ನು ಬಿಟ್ಟು ಬರೆದರೆ ಪ್ರವಾಸೋದ್ಯಮದ ಕರಪತ್ರವಾಗುತ್ತದೆ. 2010ರಲ್ಲಿ ಅಸ್ಸಾಂ ಸರ್ಕಾರ ಗುಂಡು ಹಾರಿಸುವ ಅರಣ್ಯ ಸಿಬ್ಬಂದಿಗೆ ಮೊಕದ್ದಮೆಯಿಂದ ಕಾನೂನಿನ ರಕ್ಷಣೆ ಕೊಟ್ಟಿತು. ಕಳ್ಳಬೇಟೆಗಾರರೆಂದು ಕೊಲ್ಲಲ್ಪಟ್ಟವರೆಲ್ಲ ಕಳ್ಳಬೇಟೆಗಾರರೇ ಎಂದು ಊರಿನವರು ಒಪ್ಪುವುದಿಲ್ಲ. 2016ರಲ್ಲಿ ಗಾರ್ಡುಗಳ ಗುಂಡು ತಗುಲಿ ಏಳು ವರ್ಷದ ಹುಡುಗನ ಕಾಲು ಹಾಳಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಹೈಕೋರ್ಟ್ ಆದೇಶದಂತೆ ಬಾಂದರ್‌ದುಬಿ ಮುಂತಾದ ಹಳ್ಳಿಗಳನ್ನು ಎಬ್ಬಿಸುವಾಗ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಉದ್ಯಾನ ಪ್ರತಿ ವರ್ಷ ಉತ್ತರದಲ್ಲಿ ನದಿಯ ಕೊರೆತಕ್ಕೆ ನೆಲ ಕಳೆದುಕೊಳ್ಳುತ್ತದೆ, ಬೇರೆ ಕಡೆ ಹೊಸ ನೆಲ ಸೇರಿಸಿಕೊಳ್ಳುತ್ತ ಬಂದಿದೆ. ಮೂಲದ 430 ಚದರ ಕಿಲೋಮೀಟರಿನ ಸುತ್ತ ಸೇರಿಸಿದ ನೆಲವೆಲ್ಲ ಖಾಲಿ ಬಿದ್ದಿತ್ತು ಎಂದೇನಿಲ್ಲ. ನೆರೆಯ ಸಮಯದಲ್ಲಿ ಜಿಂಕೆಮರಿಯನ್ನು ಹೊತ್ತುತಂದು ಒಪ್ಪಿಸುವವರೂ ಇದೇ ಹಳ್ಳಿಗಳವರು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ನನ್ನ ಎಣಿಕೆಯಲ್ಲಿ ಕಾಜಿರಂಗದ ಮುಂದಿನ ಐವತ್ತು ವರ್ಷ ನಿಂತಿರುವುದು ಉದ್ಯಾನದ ಹೊರಗೆ. ಗುಡ್ಡ ಉಳಿಯದಿದ್ದರೆ ನೆರೆಯಲ್ಲಿ ಪ್ರಾಣಿ ಹೋಗುವುದೆಲ್ಲಿಗೆ? ಕಾರ್ಬಿ ಗುಡ್ಡಗಳಲ್ಲಿ ಕಲ್ಲುಕ್ವಾರಿಗಳು ಎದ್ದಿದ್ದವು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಉದ್ಯಾನದ ದಕ್ಷಿಣ ಅಂಚಿನಲ್ಲಿ ಮತ್ತು ಅಲ್ಲಿಂದ ಹರಿದುಬರುವ ಹೊಳೆಗಳ ಜಲಾನಯನದಲ್ಲಿ ಗಣಿಗಾರಿಕೆ ನಿಲ್ಲಿಸಿತು. ರಸ್ತೆಯ ವಿಷಯದಲ್ಲಿ ನಮಗೆ ಬಂಡೀಪುರದ ಅನುಭವವಿದೆ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ವಾಹನ ನಿಷೇಧವಿದೆ, ತೆಗೆಯಬೇಕೆಂಬ ಒತ್ತಡವೂ ಅಷ್ಟೇ ಹಳೆಯದು. ಬಂಡೀಪುರಕ್ಕೆ ಸುತ್ತುದಾರಿ ಉಂಟು. ಕಾಜಿರಂಗದ ರಸ್ತೆ ಮೇಲಿನ ಅಸ್ಸಾಮಿಗೆ ಜೀವನಾಡಿ, ಮುಚ್ಚುವ ಮಾತು ಯಾರ ಕಿವಿಗೂ ಹೋಗದು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಈ ಹೆದ್ದಾರಿಯ ನಾಲ್ಕು ಪಥದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸುಮಾರು 34 ಕಿಲೋಮೀಟರ್ ಕಂಬಗಳ ಮೇಲೆ ಹಾದುಹೋಗುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ದಾರಿ. ಕಟ್ಟುವಷ್ಟು ವರ್ಷ ಪ್ರಾಣಿಗಳು ಕಾಮಗಾರಿಯ ನಡುವೆ ಹೇಗೆ ದಾಟುತ್ತವೆ, ಕಟ್ಟಿದ ಮೇಲೆ ಕೆಳಗಿನ ಜಾಗದಲ್ಲಿ ಹೋಟೆಲು, ಅಂಗಡಿ ಏಳದಂತೆ ಯಾರು ತಡೆಯುತ್ತಾರೆ ಎನ್ನುವುದು ಮುಂದಿನ ಪ್ರಶ್ನೆ. ಈಗಲೇ ಗುಡ್ಡದ ತಪ್ಪಲಿನಲ್ಲಿ ರೆಸಾರ್ಟುಗಳ ಸಾಲು ಬೆಳೆಯುತ್ತಿದೆ, ಅವುಗಳಲ್ಲಿ ಕೆಲವು ಆನೆಗಳ ದಾರಿಯಲ್ಲೇ ಕೂತಿವೆ. ರೂಮು ಬುಕ್ ಮಾಡುವ ಮೊದಲು ನಕ್ಷೆ ನೋಡುವ ಪ್ರವಾಸಿಗರು ಹೆಚ್ಚಾದರೆ ಅಷ್ಟರ ಮಟ್ಟಿಗೆ ಉಪಕಾರ.

ಹೋಗುವವರಿಗೆ: ಬೆಂಗಳೂರಿನಿಂದ ಗುವಾಹಟಿಗೆ ನೇರ ವಿಮಾನವಿದೆ, ಅಲ್ಲಿಂದ ರಸ್ತೆಯಲ್ಲಿ ಇನ್ನೂರು ಚಿಲ್ಲರೆ ಕಿಲೋಮೀಟರ್. ಜೋರ್ಹಾಟ್ ವಿಮಾನ ನಿಲ್ದಾಣ ಇನ್ನೂ ಹತ್ತಿರ, ಸುಮಾರು ನೂರು. ಉದ್ಯಾನ ಮಳೆಗಾಲಕ್ಕೆ ಮುಚ್ಚಿ ಅಕ್ಟೋಬರ್ ಹೊತ್ತಿಗೆ ತೆರೆಯುತ್ತದೆ. ಮೊದಮೊದಲು ದಾರಿಗಳು ಕೆಸರು, ಹುಲ್ಲು ಎತ್ತರ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜು. ಪ್ರಾಣಿ ನೋಡಲು ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯದು. ಒಂದೇ ವಲಯದಲ್ಲಿ ಮೂರು ಸಲ ಸುತ್ತುವ ಬದಲು ಬಾಗೋರಿ, ಕೊಹೊರಾ, ಅಗರಾತೊಲಿಯಲ್ಲಿ ಒಂದೊಂದು ಸಫಾರಿ ಮಾಡಿ. ಇನ್ನೊಂದು ದಿನ ಕೈಯಲ್ಲಿದ್ದರೆ ಜೋರ್ಹಾಟ್ ಬಳಿಯ ಹೊಲ್ಲೊಂಗಾಪಾರ್ ಅಭಯಾರಣ್ಯಕ್ಕೆ ಹೋಗಿ. ಚಹಾ ತೋಟಗಳ ನಡುವೆ ಉಳಿದ ಆ ಪುಟ್ಟ ಕಾಡಿನಲ್ಲಿ ಹೂಲಾಕ್ ಗಿಬ್ಬನ್‌ಗಳು ಬೆಳಿಗ್ಗೆ ಕೂಗುತ್ತವೆ. ಊಟಕ್ಕೆ ಟೆಂಗಾ ಎಂಬ ಹುಳಿ ಮೀನುಸಾರು ಕೇಳಿ ಹಾಕಿಸಿಕೊಳ್ಳಿ. ಮೀನು ತಿನ್ನದವರಿಗೆ ಪರಂಗಿಕಾಯಿ ಹಾಕಿದ ಖಾರ್ ಸಿಗುತ್ತದೆ. ಹೆಸರು ಕೇಳಿ ಹೆದರಬೇಡಿ, ಅದರಲ್ಲಿ ಮೆಣಸಿನಕಾಯಿ ಹೆಸರಿಗಷ್ಟೇ.